ಕೇಳಿಸ್ತಾ ಮೇಡಂ ಆರಿಸಿದ ಡಬ್ಬಿ

ಕಿವಿ ಆಸ್ಪತ್ರೆಯ ಮಹಡಿಯ ಮೇಲೆ ಒಂದು ಗಾಜಿನ ಕೋಣೆ ಇದೆ. ಕೋಣೆ ಅಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಬಟ್ಟೆ ಬೀರುವಿಗಿಂತ ಒಂದು ಸುತ್ತು ದೊಡ್ಡದು, ಅಷ್ಟೆ. ಒಳಗೆ ಒಂದು ಕುರ್ಚಿ, ಎದುರಿಗೆ ಗಾಜು, ಉಳಿದ ಗೋಡೆಗೆಲ್ಲ ತೂತುತೂತಿನ ಹಲಗೆ. ಬಾಗಿಲು ಹಾಕಿದರೆ ಹೊರಗೆ ಸಿಡಿಲು ಬಡಿದರೂ ಒಳಗಿದ್ದವರಿಗೆ ಸುದ್ದಿ ಮುಟ್ಟುವುದಿಲ್ಲ. ಕಿವಿ ಮಂದ ಎಂದು ಬಂದವರನ್ನು ಅಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಏರಿಸಿ, ಕೈಗೊಂದು ಗುಂಡಿ ಕೊಟ್ಟು, ಗಾಜಿನ ಈಚೆ ಕುಳಿತು ಯಂತ್ರದಿಂದ ಒಂದೊಂದೇ ಸ್ವರ ಬಿಡುವುದು ಅಲ್ಲಿನ ಮೇಡಂ ಒಬ್ಬಾಕೆಯ ಕೆಲಸ. ಕೇಳಿಸಿದಾಗ ಗುಂಡಿ ಒತ್ತಬೇಕು. ಸ್ವರ ಸಣ್ಣಗಾಗುತ್ತ ಆಗುತ್ತ ಎಲ್ಲಿ ಒತ್ತುವುದು ನಿಲ್ಲುತ್ತದೋ ಅಲ್ಲಿಗೆ ಆ ಕಿವಿಯ ಗಡಿ. ಗ್ರಾಫಿನ ಮೇಲೆ ಅಲ್ಲೊಂದು ಚುಕ್ಕಿ. ಈ ಕೆಲಸದಲ್ಲಿ ತಲೆಗೂದಲು ಅರ್ಧ ನರೆಯುವಷ್ಟು ವರ್ಷ ಕಳೆದಿದ್ದಾಳೆ. "ಕೇಳಿಸ್ತಾ? ಈಗ ಕೇಳಿಸ್ತಾ?" ಎಂದು ದಿನವಿಡೀ ಕೇಳಿ ಕೇಳಿ, ಆಸ್ಪತ್ರೆಯಲ್ಲಿ ಆಕೆಗೆ ಕೇಳಿಸ್ತಾ ಮೇಡಂ ಎಂಬ ಹೆಸರೇ ಗಟ್ಟಿಯಾಗಿಬಿಟ್ಟಿದೆ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ.

ಆಕೆಯ ಸ್ವಭಾವವೋ, ಯಾಕೆ ಎನ್ನುವ ಹುಳ ತಲೆಯಲ್ಲಿ ಕೊರೆಯುತ್ತಲೇ ಇರಬೇಕು. ಕೊಡಕ್ಕೆ ನೀರು ತುಂಬುವಾಗ ಸದ್ದು ಯಾಕೆ ಏರುತ್ತ ಹೋಗುತ್ತದೆ? ಫೋನಿನಲ್ಲಿ ಮಾತ್ರ ಅಕ್ಕನ ದನಿ ಥೇಟ್ ಅಮ್ಮನ ದನಿಯಂತೆ ಯಾಕೆ ಕೇಳಿಸುತ್ತದೆ? ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಬೆಳಗಿನಿಂದ ಸಂಜೆವರೆಗೆ "ಬ್ರೇಕು! ಬ್ರೇಕು!" ಎಂದು ಗಂಟಲು ಹರಿದುಕೊಂಡು ಮನೆಗೆ ಬರುವ ಪ್ರಾಣಿ. ಆತನಿಗೆ ಈ ಪ್ರಶ್ನೆಗಳೆಂದರೆ ತಲೆನೋವು. "ಸದ್ದು ಸದ್ದಾಗೇ ಇರ್ಲಿ ಬಿಡು ತಾಯಿ, ಅದರ ಜಾತಕ ನಮಗ್ಯಾಕೆ?" ಎಂದು ಕೈಮುಗಿದುಬಿಡುತ್ತಿದ್ದ.

ಗಿಟಾರು ಮನೆಗೆ ಬಂದದ್ದು ಹೀಗೆ: ಮೇಲಿನ ಮನೆಯವರು ಮನೆ ಖಾಲಿ ಮಾಡುವಾಗ ಸಾಮಾನು ಹೆಚ್ಚಾಯಿತೆಂದು ಒಂದು ಕೆಂಪು ಎಲೆಕ್ಟ್ರಿಕ್ ಗಿಟಾರನ್ನು ಇವರ ಬಾಗಿಲಿಗೆ ಒರಗಿಸಿ ಹೋದರು. ಬೇರೆಯವರಾಗಿದ್ದರೆ ಅಟ್ಟಕ್ಕೆ ಹಾಕುತ್ತಿದ್ದರು. ಈಕೆ ತಂತಿ ಮೀಟಿ ನೋಡಿದಳು. ಹೊಟ್ಟೆಯಿಲ್ಲದ ಹಲಗೆ ಗಿಟಾರು, ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸದ್ದು. ಯಾಕೆ ಹೀಗೆ ಎಂದು ವಿಚಾರಿಸಲು ಮಾರ್ಕೆಟ್ಟಿನ ಬೀದಿಯ ವಾದ್ಯದಂಗಡಿಗೆ ಹೋದವಳು, ಅಂಗಡಿಯ ಹಿಂದಿನ ಕೋಣೆಯಲ್ಲಿ ಪಾಠ ಹೇಳುತ್ತಿದ್ದ ಅಂಗಡಿಯಾತನ ಶಿಷ್ಯೆಯಾಗಿ ಹಿಂದಿರುಗಿದಳು. ಆತನನ್ನು ಎಲ್ಲರೂ ಕರೆಯುವುದು ಮಾಷ್ಟ್ರು ಎಂದೇ.

ಮೊದಲ ಪಾಠದ ದಿನವೇ ಎಡವಟ್ಟಾಯಿತು. ಮಾಷ್ಟ್ರು ಆಕೆಯ ಗಿಟಾರಿನ ವೈರನ್ನು ತಮ್ಮ ಹಳೆಯ ಆಂಪ್ಲಿಫೈಯರಿಗೆ ಚುಚ್ಚಿ, ನುಡಿಸಿ ತೋರಿಸಿದರು. ವಾಲ್ವ್ ರೇಡಿಯೋ ಕಾಲದ ಪೆಟ್ಟಿಗೆ ಅದು. ಹಿಂದೆ ಇಣುಕಿದರೆ ಒಳಗೆ ಗಾಜಿನ ಬುರುಡೆಗಳು ಕೆಂಡದಂತೆ ಹೊಳೆಯುತ್ತಿದ್ದವು. ಮೆಲ್ಲಗೆ ಮುಟ್ಟಿದಾಗ ಸ್ವರ ದುಂಡಗೆ, ಬೆಚ್ಚಗೆ ಬಂತು. ಕೊಂಚ ಜೋರಾಗಿ ಮೀಟಿದರು ನೋಡಿ, ಸ್ವರದ ಅಂಚು ಒಡೆಯಿತು. ಮೈಕಿನವರು "ಸೌಂಡ್ ಒಡೀತಿದೆ" ಎಂದು ಬೈದುಕೊಳ್ಳುವ ಒಡಕಲ್ಲ. ಆಗಷ್ಟೇ ಅತ್ತು ಮುಖ ತೊಳೆದು ಬಂದವರು ಮಾತಾಡುತ್ತಾರಲ್ಲ, ಆ ಒಡಕು.

ಆಕೆಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಆಕೆ ಬಿಟ್ಟದ್ದೆಲ್ಲ ಬೋಳು ಸ್ವರ. ಹಿಂದಿಲ್ಲ ಮುಂದಿಲ್ಲ, ಬರೀ ಒಂದು ಬೀಪ್. ಈ ಸ್ವರದ ಹೊಟ್ಟೆಯಲ್ಲಿ ಅದೇನಿದೆ?

"ಇದಕ್ಕೆ ಏನಂತಾರೆ ಮಾಷ್ಟ್ರೇ?"

"ಹಳೇ ಕಾಲದ ಸೌಂಡು ಅಂತಾರೆ. ಈಗಿನವರು ಇದಕ್ಕೇ ಬಾಯಿ ಬಾಯಿ ಬಿಡ್ತಾರೆ."

"ಮನೇಲಿ ಬೇಕು ನನಗೆ ಇದು."

"ಇದೇ ಪೆಟ್ಟಿಗೆ ಬೇಡ ಮೇಡಂ. ಇದು ಜೋರಾಗಿಟ್ರೇನೇ ಚೆನ್ನಾಗಿ ಮಾತಾಡೋದು. ಅಕ್ಕಪಕ್ಕದವರು ಬಾಗಿಲು ಬಡೀತಾರೆ. ಮನೆಗೆ ಚಿಕ್ಕದು ನೋಡೋಣ."

ಚಿಕ್ಕದು ನೋಡುವ ದಿನ ಮೇಡಂ ಅಂಗಡಿಗೆ ಬಂದ ಠೀವಿಯನ್ನು ನೀವು ನೋಡಬೇಕಿತ್ತು. ಎಲ್ಲರಂತೆ ಡಬ್ಬಿಯ ಬಣ್ಣ ನೋಡಿ ಮರುಳಾಗುವವಳಲ್ಲ ತಾನು, ಕಿವಿಯ ವಿಷಯ ತನಗೆ ಯಾರೂ ಹೇಳಿಕೊಡಬೇಕಿಲ್ಲ, ಎಂದು ಮುಖದ ಮೇಲೇ ಬರೆದುಕೊಂಡಿದ್ದಳು. ಮಾಷ್ಟ್ರು ಎರಡು ಡಬ್ಬಿಗಳನ್ನು ಮೇಜಿನ ಮೇಲಿಟ್ಟರು. ಒಂದಕ್ಕೆ ಮುಂದೆ ದಪ್ಪ ನೇಯ್ಗೆಯ ಬಟ್ಟೆ, ಎರಡೇ ಎರಡು ತಿರುಗುಣಿ, ನೋಡಲು ಅಜ್ಜನ ಕಾಲದ ರೇಡಿಯೋದ ತಮ್ಮ. ಇನ್ನೊಂದು ಹೊಸದು. ಮೈತುಂಬ ಗುಂಡಿ, ನೀಲಿ ದೀಪ, ಒಳಗೆ ಕಂಪ್ಯೂಟರಿನ ಚಿಪ್. ಹಳೆಯ ಪೆಟ್ಟಿಗೆಗಳ ದನಿಯನ್ನೆಲ್ಲ ಅದು ಅಣಕಿಸಿ ತೋರಿಸುತ್ತದಂತೆ. ಫೋನಿನ ಹಾಡನ್ನೂ ಹಾಡುತ್ತದಂತೆ.

ಆಕೆ ಗೋಡೆಗೆ ಮುಖ ಮಾಡಿ ಕುಳಿತಳು. "ಯಾವುದು ಅಂತ ಹೇಳದೆ ನುಡಿಸಿ. ಮಧ್ಯೆ ನಿಮ್ಮ ದೊಡ್ಡ ಪೆಟ್ಟಿಗೇನೂ ಸೇರಿಸಿ."

ಮಾಷ್ಟ್ರು ಒಂದೇ ತುಣುಕನ್ನು ಮೂರರಲ್ಲೂ ನುಡಿಸಿದರು, ಆಚೀಚೆ ಮಾಡಿ ಮತ್ತೆ ನುಡಿಸಿದರು. ಹೊರಗೆ ಬೀದಿಯಲ್ಲಿ ಆಟೋಗಳು ಕಿರುಚುತ್ತಿದ್ದವು. ಆಕೆ ಬೆರಳೆತ್ತಿ ಎತ್ತಿ ಹೇಳಿದ್ದರ ಸಾರ ಇಷ್ಟು: ಹೊಸ ಡಬ್ಬಿಯದೂ ದೊಡ್ಡ ಪೆಟ್ಟಿಗೆಯದೂ ಒಂದೇ, ಕೂದಲೆಳೆಯ ವ್ಯತ್ಯಾಸವಿಲ್ಲ; ಬಟ್ಟೆ ಮುಖದ್ದು ಮಾತ್ರ ಕೊಂಚ ಪೀಚು.

ಮಾಷ್ಟ್ರು ಕಿವಿ ಕೆರೆದುಕೊಂಡರು. "ಒಂದೇ ಅಂತ ನನಗೆ ಅನ್ಸಲ್ಲ ಮೇಡಂ. ಹೊಸದರಲ್ಲಿ ಸ್ವಲ್ಪ ಮರಳು ಇದೆ."

"ಮರಳಾ? ಎಲ್ಲಿ?"

"ಮೇಲೆ. ತೀರಾ ಮೇಲೆ. ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ."

"ಇನ್ನೊಂದ್ಸಲ ನುಡಿಸಿ." ನುಡಿಸಿದರು. ಆಕೆ ಕಣ್ಣು ಮುಚ್ಚಿ ಕೇಳಿದಳು. ಮರಳೂ ಇಲ್ಲ, ಮಣ್ಣೂ ಇಲ್ಲ. "ಮಾಷ್ಟ್ರೇ, ಸದ್ದಿನಲ್ಲೇ ನನ್ನ ಜೀವನ ಹೋಗಿದೆ. ಮರಳು ನಿಮ್ಮ ಮನಸ್ಸಲ್ಲಿದೆ. ಹೊಸದು ಅಂದ್ರೆ ನಿಮಗೆ ಮೊದಲಿಂದ ಆಗಲ್ಲ."

"ಕಿವಿಯವರ ಹತ್ರ ಕಿವಿ ವಾದ ಯಾಕೆ ಬಿಡಿ," ಎಂದು ಮಾಷ್ಟ್ರು ನಕ್ಕು ಹೊಸ ಡಬ್ಬಿಯನ್ನು ರಟ್ಟಿನ ಪೆಟ್ಟಿಗೆಗೆ ಹಾಕಿಕೊಟ್ಟರು.

ಮನೆಗೆ ಬಂದರೆ ಗಂಡ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. "ನನ್ನ ಒಂದು ಮಾತು ಕೇಳದೆ ತಂದುಬಿಟ್ಯಾ?"

"ಕೇಳದೆ ಯಾಕೆ ತರ್ಲಿ? ಗಂಟೆಗಟ್ಟಲೆ ಕೇಳೇ ತಂದಿದ್ದು."

"ನನ್ನ ಕೇಳು ಅಂದ್ರೆ ಡಬ್ಬೀನ ಕೇಳ್ಕೊಂಡು ಬಂದಿದ್ದಾಳೆ!" ಎಂದು ಆತ ಹೊಟ್ಟೆ ಹಿಡಿದು ನಕ್ಕ. ಜಗಳ ಅಲ್ಲಿಗೆ ಮುಗಿಯಿತು. ಆ ಮನೆಯ ಜಗಳಗಳ ಆಯುಸ್ಸೇ ಅಷ್ಟು.

ಮನೆಯಲ್ಲಿ ಇನ್ನೊಬ್ಬರಿದ್ದಾರೆ, ಅತ್ತೆ. ಕಿವಿ ಮಂದವಾದರೂ ವರ್ಷಾನುಗಟ್ಟಲೆ ಒಪ್ಪದೆ, "ನೀವೆಲ್ಲ ಬಾಯೊಳಗೇ ಮಾತಾಡ್ತೀರಿ" ಎಂದು ಊರಿನವರ ಬಾಯಿಗೇ ರೋಗ ಅಂಟಿಸಿದ್ದ ಗಟ್ಟಿ ಹೆಂಗಸು. ಸೊಸೆ ಹಠ ಹಿಡಿದು, ಗಾಜಿನ ಕೋಣೆಗೆ ಎಳೆದೊಯ್ದು, ಕೊನೆಗೂ ಕಿವಿ ಮೆಷಿನ್ ಹಾಕಿಸಿದ್ದಳು. ಈಗ ಅತ್ತೆಗೆ ಆ ಮೆಷಿನ್ನೆಂದರೆ ಪ್ರಾಣ. ಪಕ್ಕದ ಮನೆಯ ಪಿಸುಮಾತೂ ಬಿಡುವುದಿಲ್ಲ.

ಹೊಸ ಡಬ್ಬಿ ಗೋಡೆಯ ಪ್ಲಗ್ಗಿಗೆ ಅಂಟಿಕೊಂಡ ಮಾರನೆಯ ದಿನವೇ ಅತ್ತೆ ರಾಗ ತೆಗೆದರು. "ನೋಡೇ, ನನ್ನ ಮೆಷಿನ್ನು ಸೀಟಿ ಹೊಡೀತಿದೆ. ಕೀ ಅಂತ ಒಂದೇ ಸಮ."

ಸೊಸೆ ಮೆಷಿನ್ ಬಿಚ್ಚಿದಳು, ಅಂಟಿದ್ದ ಕಿವಿಯ ಗುಗ್ಗೆ ತೆಗೆದಳು, ಬ್ಯಾಟರಿಯನ್ನೂ ತುದಿಯ ರಬ್ಬರನ್ನೂ ಬದಲಿಸಿದಳು, ತನ್ನ ಕಿವಿಯ ಹತ್ತಿರ ಹಿಡಿದು ನೋಡಿದಳು. ಸೀಟಿಯ ಸುಳಿವಿಲ್ಲ. "ಸರಿಯಾಗಿದೆ ಅತ್ತೆ." ಅತ್ತೆ ಹಾಕಿಕೊಂಡು, "ಹೊಡೀತಾನೇ ಇದೆ," ಅಂದರು. ಮತ್ತೆ ಬಿಚ್ಚಿದಳು. ಮತ್ತೆ ಬ್ಯಾಟರಿ, ಮತ್ತೆ ರಬ್ಬರು. ಹೀಗೇ ಕೆಲವು ದಿನ ಅತ್ತೆಸೊಸೆಯರ ನಡುವೆ ಆ ಬಡಪಾಯಿ ಮೆಷಿನ್ನಿಗೆ ಉಸಿರಾಡಲು ಬಿಡುವಿರಲಿಲ್ಲ.

ಭಾನುವಾರ ಮಧ್ಯಾಹ್ನ ಗಂಡ ಮನೆಯಲ್ಲೇ ಇದ್ದ. ಆಕೆ ಡಬ್ಬಿ ಹಾಕಿ, ಗಿಟಾರನ್ನು ಮಡಿಲಿಗೆ ಎಳೆದುಕೊಳ್ಳುವಷ್ಟರಲ್ಲಿ ಆತ ಕಿವಿಗೆ ಬೆರಳಿಟ್ಟುಕೊಂಡು ಅಡುಗೆಮನೆಯಿಂದ ಬಂದ. "ಅಯ್ಯೋ, ಇದಾ ಆ ಕೀ? ಅಮ್ಮನ ಮೆಷಿನ್ನು ಅಂತಿದ್ರಲ್ಲ, ಈ ಡಬ್ಬೀದು ಕಣೇ. ಆರ್ಸು, ಹಲ್ಲು ಜುಮ್ಮನ್ನುತ್ತೆ."

"ಯಾವ ಕೀ? ನಾನಿನ್ನೂ ತಂತೀನೇ ಮುಟ್ಟಿಲ್ಲ."

"ಅದೇ ಹೇಳ್ತಿರೋದು. ನೀನು ಮುಟ್ಟೋಕೆ ಮೊದಲೇ ಅದು ಹಾಡ್ತಿದೆ."

ಆಕೆ ಡಬ್ಬಿಗೆ ಕಿವಿ ಹಚ್ಚಿದಳು. ಏನೂ ಇಲ್ಲ. ಹಾಲಿನಲ್ಲಿ ಕುಳಿತಿದ್ದ ಅತ್ತೆ ಅಲ್ಲಿಂದಲೇ, "ಇದೆ, ಇದೆ," ಎಂದು ಸಾಕ್ಷಿ ಹೇಳಿದರು. ತಾಯಿ ಮಗ ಸೇರಿ ಆಟ ಆಡಿಸುತ್ತಿದ್ದಾರೆ ಅನ್ನಿಸಿ ಆಕೆಗೆ ರೇಗಿತು. ರೇಗಿದರೂ ಹುಳ ಬಿಡಬೇಕಲ್ಲ.

"ಕೂತ್ಕೊಳ್ಳಿ ಇಬ್ರೂ. ಗೋಡೆ ಕಡೆ ತಿರುಗಿ. ಕೇಳಿಸಿದಾಗ ಕೈ ಎತ್ತಿ, ನಿಂತಾಗ ಇಳಿಸಿ. ಊಹೆ ಮಾಡೋ ಹಾಗಿಲ್ಲ."

ಆಕೆಯ ಪರೀಕ್ಷೆಯೆಂದರೆ ಪರೀಕ್ಷೆಯೇ. ಸ್ವಿಚ್ಚಿನ ಟಕ್ ಸದ್ದಿನಿಂದ ಗುಟ್ಟು ಬಯಲಾಗಬಾರದೆಂದು ಪಕ್ಕದ ಖಾಲಿ ಸ್ವಿಚ್ಚನ್ನೂ ನಡುನಡುವೆ ಟಕ್ ಅನ್ನಿಸಿದಳು. ಒಮ್ಮೆ ಬೇಗ, ಒಮ್ಮೆ ತಡ. ಸುಳ್ಳು ಟಕ್ಕಿಗೆ ಗೋಡೆ ನೋಡುತ್ತಿದ್ದ ಎರಡು ತಲೆಗಳೂ ಅಲುಗಲಿಲ್ಲ. ಡಬ್ಬಿಗೆ ಕರೆಂಟು ಹರಿದಾಗೆಲ್ಲ ಎರಡು ಕೈಗಳೂ ಒಟ್ಟಿಗೇ ಮೇಲೆದ್ದವು. ಒಂದು, ದಿನವಿಡೀ ಹಾರ್ನು ಕೇಳಿ ಕಿವಿ ಜಡ್ಡುಗಟ್ಟಿದ ಗಂಡನ ಕೈ. ಇನ್ನೊಂದು, ತಾನೇ ಮೆಷಿನ್ ತೊಡಿಸಿದ ಅತ್ತೆಯ ಕೈ.

"ಈಗ ನೀವು ಸ್ವಿಚ್ಚು ಒತ್ತಿ," ಎಂದಳು ಗಂಡನಿಗೆ, ದನಿ ಆಗಲೇ ಸಣ್ಣಗಾಗಿತ್ತು. "ನಾನು ಮಾಡಿದ ಹಾಗೇ ಮಾಡಿ. ಖಾಲಿ ಸ್ವಿಚ್ಚನ್ನೂ ಒತ್ತಿ."

ಆಕೆ ಗೋಡೆ ನೋಡುತ್ತ ಕುಳಿತಳು. ಟಕ್ ಅಂತು. ಕೈ ಎತ್ತಿದಳು. ಗಂಡ ಒತ್ತಿದ್ದು ಖಾಲಿ ಸ್ವಿಚ್ಚು. ಮತ್ತೆ ಟಕ್. ಎತ್ತಲೋ ಬೇಡವೋ ತಿಳಿಯದೆ ಅರ್ಧ ಎತ್ತಿದಳು. ಸ್ವಲ್ಪ ಹೊತ್ತಾದ ಮೇಲೆ ಆತ ಬಂದು ಹೆಗಲ ಮೇಲೆ ಕೈಯಿಟ್ಟು, "ಸಾಕು ಬಿಡೇ," ಅಂದ. ಯಾವತ್ತೂ ಮನೆಯ ಹಂಚು ಹಾರಿಹೋಗುವಂತೆ ಮಾತಾಡುವವನು ಅಷ್ಟು ಮೆಲ್ಲಗೆ ಅಂದದ್ದೇ ಆಕೆಯ ಎದೆಗೆ ಚುರುಕ್ ಅನ್ನಿಸಿತು.

"ಪ್ಲಗ್ಗಿಗೆ ಚುಚ್ಚೋ ಅಡಾಪ್ಟರ್ ಕೆಟ್ಟಿರ್ಬೇಕು, ಬದಲಾಯಿಸಿದ್ರಾಯ್ತು," ಎಂದು ಎದ್ದು ಹೋದಳು. ಕೆಟ್ಟಿರುವುದು ಅಡಾಪ್ಟರ್ ಒಂದೇ ಅಲ್ಲವೆಂದು ಮೂವರಿಗೂ ಗೊತ್ತಿತ್ತು.

ಆಮೇಲಿನ ದಿನಗಳಲ್ಲಿ ಆಕೆಗೆ ಊಟ ಸೇರಲಿಲ್ಲ. ಹೆದರಿಕೆ. ಹೆದರಿಕೆಯೆಂದರೆ ಕೆಲಸ ಹೋದೀತೆಂದು ಒಂದು ಪಾಲು. ಉಳಿದದ್ದೆಲ್ಲ ಬೇರೆ. ಕಣ್ಣು ಮಂಜಾದರೆ ಮಂಜಾದರೂ ಕಾಣುತ್ತದೆ. ಕಿವಿಗೆ ಬೀಳದ ಸದ್ದು ಬೀಳಲಿಲ್ಲವೆಂದು ಹೇಳಿ ಹೋಗುವುದಿಲ್ಲ. ಗಂಡನೂ ಅತ್ತೆಯೂ ಇರುವ ಅದೇ ಮನೆಯಲ್ಲಿ, ಅವರಿಗೆ ಕೇಳಿಸುವುದರಲ್ಲಿ ಒಂದು ಚೂರು ತನಗೆ ಬಾಗಿಲು ಹಾಕಿಕೊಂಡಿದೆ. ಎಷ್ಟು ಚೂರು? ಯಾವತ್ತಿನಿಂದ? ಆ ಹಳೆಯ ಕಾಲದ ಸ್ವರ ತನ್ನ ಮೈ ಜುಮ್ಮೆನ್ನಿಸಿತಲ್ಲ, ಅದನ್ನಾದರೂ ತಾನು ಪೂರ್ತಿ ಕೇಳಿದ್ದಳೇ, ಇಲ್ಲಾ ಹರಿದ ಪುಟ ಓದಿ ಕಣ್ಣೀರಿಟ್ಟವರಂತಾಯಿತೇ? ಅಡುಗೆಮನೆಯಲ್ಲಿ ನಿಂತು ಗಂಡನನ್ನು ಕರೆದು, "ಈಗ ಇಲ್ಲಿ ಏನೇನು ಕೇಳಿಸ್ತಿದೆ ಹೇಳಿ," ಅನ್ನುವಳು. ಆತ ಫ್ರಿಜ್ಜು, ಫ್ಯಾನು, ದೂರದ ಬಸ್ಸು ಎಂದು ಒಪ್ಪಿಸುವನು. ಎಲ್ಲ ತನಗೂ ಕೇಳಿಸುತ್ತಿತ್ತು. ಆದರೂ ಆತ ಏನೋ ಬಿಟ್ಟು ಹೇಳುತ್ತಿದ್ದಾನೆ ಎಂಬ ಗುಮಾನಿ ಹೋಗಲಿಲ್ಲ.

ಕೊನೆಗೆ ಬಾಯಿಬಿಟ್ಟವರು ಅತ್ತೆ. ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟು, "ಪರೀಕ್ಷೆ ಮಾಡಿಸ್ಕೊಂಡ್ಯಾ?" ಅಂದರು.

"ನಾನೇ ಪರೀಕ್ಷೆ ಮಾಡೋಳು ಅತ್ತೆ."

"ಅದಕ್ಕೇ ಕೇಳಿದ್ದು. ನಾನು ಹಠ ಮಾಡ್ದಾಗ ಏನಂದಿದ್ದೆ? 'ಆ ಕೋಣೇಲಿ ಕೂತ್ರೆ ಕಿವಿ ಏನು ಕಳಚಿ ಬೀಳುತ್ತಾ' ಅಂದಿದ್ದೆ. ಆಸ್ಪತ್ರೆಯವರೆಲ್ಲರ ಮುಂದೆ ಅಂದಿದ್ದೆ. ನಿಂದು ಕಳಚಿ ಬೀಳುತ್ತಾ?"

ಸೊಸೆಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಅತ್ತೆ ಸೆರಗಿನಿಂದ ಒರೆಸಲು ಹೋಗಿ, "ಅಳಬೇಡ, ಅಳು ಮೆಷಿನ್ನಲ್ಲಿ ಜೋರಾಗಿ ಕೇಳುತ್ತೆ," ಅಂದರು.

ಮರುದಿನ ರೋಗಿಗಳು ಬರುವ ಮೊದಲೇ ಆಕೆ ಗಾಜಿನ ಕೋಣೆಯ ಒಳಗಿನ ಕುರ್ಚಿಯಲ್ಲಿ ಕುಳಿತಳು. ಈಚೆ ಯಂತ್ರದ ಮುಂದೆ ಕುಳಿತವಳು ಜೊತೆಯಲ್ಲಿ ಕೆಲಸ ಮಾಡುವ, ಆಕೆಯನ್ನು ಅಕ್ಕ ಎಂದೇ ಕರೆಯುವ ಹುಡುಗಿ. ಸ್ವರಗಳು ಬಂದವು. ತಗ್ಗಿನವು, ನಡುವಿನವು, ಎಲ್ಲ ಸ್ಪಷ್ಟ. ಹೆಬ್ಬೆರಳು ಚಕಚಕನೆ ಒತ್ತಿತು. ಎತ್ತರದ ಸ್ವರಗಳ ಸರದಿ. ಒತ್ತಿದಳು. ಇನ್ನೂ ಎತ್ತರ. ಒತ್ತಿದಳು, ಒತ್ತಿದಳು. ಪರವಾಗಿಲ್ಲವಲ್ಲ ಎಂದು ಜೀವ ಸ್ವಲ್ಪ ಹಗುರಾಗುವಷ್ಟರಲ್ಲಿ ಬಾಗಿಲು ತೆರೆಯಿತು.

"ಅಕ್ಕಾ, ಬೈಬೇಡಿ. ಆಗ್ಲಿಂದ ನಾನು ಸ್ವರಾನೇ ಬಿಟ್ಟಿಲ್ಲ. ನೀವು ಒತ್ತುತಾನೇ ಇದ್ದೀರಿ."

ಆಕೆ ತನ್ನ ಹೆಬ್ಬೆರಳನ್ನೇ ನೋಡಿದಳು. ಅದು ಮೋಸ ಮಾಡಲು ಒತ್ತಿದ್ದಲ್ಲ. ಒಂದು ಸ್ವರ, ಕೊಂಚ ಬಿಡುವು, ಮತ್ತೊಂದು ಸ್ವರ: ವರ್ಷಗಳಿಂದ ತಾನೇ ಬಿಟ್ಟ ತಾಳ ಅದರೊಳಗೆ ಇಳಿದುಹೋಗಿತ್ತು. ಸ್ವರ ಬರಬೇಕಾದ ಹೊತ್ತಿಗೆ ಅದು ತಾನಾಗಿ ಒತ್ತುತ್ತಿತ್ತು, ಕೇಳಿಸಿದ್ದು ಸುಳ್ಳಲ್ಲ ಎಂದು ಮನಸ್ಸೂ ನಂಬುತ್ತಿತ್ತು. ಆಗ ಇನ್ನೊಂದು ವಿಷಯ ಹೊಳೆಯಿತು. ದಿನಾ ಬೆಳಿಗ್ಗೆ ಯಂತ್ರ ಸರಿಯಿದೆಯೇ ಎಂದು ಎಲ್ಲ ಸ್ವರಗಳನ್ನೂ ತಾನೇ ಕೇಳಿ ನೋಡುವುದುಂಟು. ಸ್ವರ ಬಿಟ್ಟಾಗ ಯಂತ್ರದಲ್ಲೊಂದು ದೀಪ ಹತ್ತುತ್ತದೆ. ಎತ್ತರದ ಸ್ವರಗಳನ್ನು ಇಷ್ಟು ದಿನ ಕೇಳಿದ್ದು ಕಿವಿಯೋ, ಕಣ್ಣೋ?

"ಮತ್ತೆ ಮಾಡು. ತಾಳ ತಪ್ಪಿಸಿ ಬಿಡು. ದಯೆ ತೋರಿಸ್ಬೇಡ," ಎಂದಳು.

ಈ ಸಲದ ಗ್ರಾಫು ಸುಳ್ಳು ಹೇಳಲಿಲ್ಲ. ಮಾತಿಗೆ ಬೇಕಾದ ಭಾಗವೆಲ್ಲ ನೆಟ್ಟಗಿತ್ತು. ಎತ್ತರದ ಕಡೆಗೆ ಹೋದಂತೆ ಗೆರೆ ಜಾರುಬಂಡೆಯಂತೆ ಇಳಿದಿತ್ತು. ಇಂಥ ಗೆರೆಗಳನ್ನು ಸಾವಿರ ಸಲ ಬರೆದು, "ವಯಸ್ಸಿಗೆ ಇದು ಮಾಮೂಲು, ಚಿಂತೆ ಬೇಡ" ಎಂದು ಕಳಿಸಿದವಳು ತಾನು. ಆ ಮಾತು ಇಷ್ಟು ಸಪ್ಪೆಯೆಂದು ಗೊತ್ತೇ ಇರಲಿಲ್ಲ.

ಆ ಹುಡುಗಿ ಅಂದು ಯಂತ್ರವನ್ನು ತಾನೇ ಪೂರ್ತಿ ಕೇಳಿ ನೋಡಿದಳು. ಪುಣ್ಯಕ್ಕೆ ಎಲ್ಲ ಸ್ವರವೂ ಸರಿಯಾಗಿತ್ತು. "ಇನ್ಮೇಲೆ ಬೆಳಿಗ್ಗೆ ಯಂತ್ರ ನೋಡೋದು ನಂದು. ಜನರನ್ನ ಕೂರಿಸಿ, ಭಯ ಬಿಡಿಸಿ ಕೇಳೋದು ನಿಮ್ದು. ಅದು ನನಗೆ ಬರಲ್ಲ ಅಕ್ಕಾ," ಅಂದಳು. ಮಧ್ಯಾಹ್ನ ಇಬ್ಬರೂ ಹೋಗಿ ಡಾಕ್ಟರಿಗೆ ಹೇಳಿದರು. ಅವರೂ ಹಾಗೇ ಆಗಲಿ ಎಂದರು. ಕೆಲಸದ ಭಯ ಅಲ್ಲಿಗೆ ತೀರಿತು. ಇನ್ನೊಂದು ಭಯ ಆಕೆಯ ಜೊತೆ ಬಸ್ಸು ಹತ್ತಿ ಮನೆಗೆ ಬಂತು.

ಶನಿವಾರ ಗಂಡ ತನ್ನ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಆಕೆಯನ್ನೂ ಡಬ್ಬಿಯನ್ನೂ ಗಿಟಾರನ್ನೂ ಹೇರಿಕೊಂಡು ವಾದ್ಯದಂಗಡಿಗೆ ಹೊರಟ. ಅಭ್ಯಾಸಬಲ ನೋಡಿ, ಪಕ್ಕದಲ್ಲಿ ಕುಳಿತ ಹೆಂಡತಿಗೆ ದಾರಿಯುದ್ದಕ್ಕೂ "ಕನ್ನಡಿ ನೋಡು" ಅನ್ನುತ್ತಲೇ ಇದ್ದ.

ಆಕೆ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಮಾಷ್ಟ್ರೇ, ಮರಳು ಇತ್ತು. ನನಗೇ ಕೇಳಿಸ್ಲಿಲ್ಲ," ಅಂದಳು. ಕಿವಿಯ ವಿಷಯ ಮುಚ್ಚಿಡದೆ ಹೇಳಿದಳು. ಮಾಷ್ಟ್ರು ಗೆದ್ದವರಂತೆ ಬೀಗಲಿಲ್ಲ, ಪೆಚ್ಚಾದರು. "ಛೆ, ಛೆ. ಹಾಗಾದ್ರೆ ಏನು ಕೊಡ್ಲಿ ನಿಮಗೆ?" ಎಂದು ಕಪಾಟುಗಳನ್ನು ತಡಕಾಡಿದರು. ಆಕೆಯೇ ಬಟ್ಟೆ ಮುಖದ ಚಿಕ್ಕ ಡಬ್ಬಿಯತ್ತ ಕೈ ತೋರಿಸಿದಳು.

"ಅದು ಮಂಕು ಅಂತಾರೆ ಮೇಡಂ. ತುಂಬಾ ಜನ ಕೇಳಿ ಬಿಟ್ಟು ಹೋಗಿದ್ದಾರೆ. ನನಗೆ ಇಷ್ಟ, ಯಾಕೆ ಅಂದ್ರೆ ಗೊತ್ತಿಲ್ಲ. ಮೇಲಿನ ಮಿಣುಕು ಅದಕ್ಕೆ ಬರೋದೇ ಇಲ್ಲ. ನನ್ನ ಹಳೇ ಪೆಟ್ಟಿಗೆಗೂ ಅಷ್ಟೇ."

ಆಕೆಯ ಕೈ ಗಾಳಿಯಲ್ಲೇ ನಿಂತಿತು. "ಬರೋದೇ ಇಲ್ಲ ಅಂದ್ರೆ?"

"ಫೋನ್ ಚುಚ್ಚಿ ಹಾಡು ಹಾಕಿದ್ರೆ ಕಂಬಳಿ ಹೊದ್ದು ಹಾಡಿದ ಹಾಗಿರುತ್ತೆ. ತಾಳದ ಚಿನ್ ಚಿನ್ ಎಲ್ಲಾ ಮಾಯ."

ಹುಳ ಎದ್ದು ಕುಳಿತಿತು. ದಿನಗಳ ನಂತರ ಆಕೆಯ ಮುಖಕ್ಕೆ ಕಳೆ ಬಂತು. ಡಬ್ಬಿಯ ಹಿಂಬದಿಗೆ ಬಗ್ಗಿ, ಮೊಬೈಲಿನ ಬೆಳಕು ಬಿಟ್ಟು ನೋಡಿದಳು. ಒಂದೇ ಒಂದು ಸ್ಪೀಕರು, ಅಂಗೈ ಅಗಲಿಸಿದಷ್ಟು ದೊಡ್ಡ ಕಾಗದದ ಬಟ್ಟಲು. ಹೊಸ ಡಬ್ಬಿಯಲ್ಲಿ ಇದ್ದವು ಪುಟ್ಟಪುಟ್ಟವು, ಚುರುಕಿನವು. ಇಷ್ಟು ದೊಡ್ಡ ಕಾಗದ ಅಷ್ಟು ಬೇಗಬೇಗ ಹಿಂದೆ ಮುಂದೆ ಅಲುಗಲಾರದು. ಅಲುಗದಿದ್ದರೆ ಎತ್ತರದ ಸ್ವರ ಹುಟ್ಟುವುದೆಲ್ಲಿ? ತನ್ನ ಗ್ರಾಫಿನ ಗೆರೆ ಎಲ್ಲಿ ಜಾರತೊಡಗಿತ್ತೋ ಹೆಚ್ಚುಕಡಿಮೆ ಅಲ್ಲೇ ಈ ಡಬ್ಬಿಯೂ ಕೈಚೆಲ್ಲುತ್ತಿರಬೇಕು. ಹಳೆಯ ಕಾಲದ ಆ ಬೆಚ್ಚನೆಯ ಸ್ವರದ ಹೊಟ್ಟೆಯಲ್ಲಿ ಏನಿದೆ ಎಂದು ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದಳು. ಅದರಲ್ಲಿ ಏನು ಇಲ್ಲ ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

"ಕರೆಂಟು ಕೊಡಿ ಮಾಷ್ಟ್ರೇ. ಬಾಗಿಲು ಹಾಕಿ, ಬೀದಿ ಸದ್ದು ಬೇಡ."

ಆಕೆ ಗಂಡನನ್ನು ಡಬ್ಬಿಯ ಎದುರಿಗೆ ಸ್ಟೂಲು ಹಾಕಿ ಕೂರಿಸಿದಳು. ಗಿಟಾರಿನ ವೈರು ಚುಚ್ಚಿ, ತನಗೆ ಬರುತ್ತಿದ್ದ ಒಂದೇ ತುಣುಕನ್ನು ಮೊದಲು ಮೆಲ್ಲಗೆ ನುಡಿಸಿದಳು. ಆಮೇಲೆ ತಿರುಗುಣಿ ಏರಿಸಿ ಜೋರಾಗಿ ಮೀಟಿದಳು. ಸ್ವರ ಒಡೆಯಿತು, ಚಿಕ್ಕ ಡಬ್ಬಿಯ ಚಿಕ್ಕ ಒಡಕು, ಆದರೆ ಅದೇ ಜಾತಿಯದು.

"ರೀ, ಇದ್ರಲ್ಲಿ ನನಗೆ ಕೇಳಿಸದೇ ಇರೋದು ಏನಾದ್ರೂ ಇದೆಯಾ? ನನ್ನ ಸಮಾಧಾನಕ್ಕೆ ಹೇಳ್ಬೇಡಿ. ಮರಳಿದ್ರೆ ಮರಳು ಅನ್ನಿ, ಕೀ ಅಂದ್ರೆ ಕೀ ಅನ್ನಿ."

"ಏನು ಕೇಳಿಸ್ತಿದೆ ಅಂತ ನೀನು ಮೊದಲು ಹೇಳು," ಎಂದ ಆತ. ಹೆಂಡತಿಯ ಪರೀಕ್ಷೆಯ ವರಸೆ ಆತನಿಗೂ ಅಂಟಿಕೊಂಡಿತ್ತು.

ಆಕೆ ಕಣ್ಣು ಮುಚ್ಚಿ ಹೇಳುತ್ತ ಹೋದಳು. ತಂತಿಯ ಮೇಲೆ ಬೆರಳು ಜಾರುವ ಸರ್ರೆನ್ನುವ ಸದ್ದು. ಮೀಟಿದ ತಕ್ಷಣದ ಒರಟು. ಆಮೇಲೆ ತುಂಬಿಕೊಳ್ಳುವ ದುಂಡು. ಸ್ವರ ಸಾಯುವಾಗ ಕೆಳಗೆ ಉಳಿಯುವ ಸಣ್ಣ ಗುಂಯ್, ಅದು ಡಬ್ಬಿಯ ಕರೆಂಟಿನದು. ಮೀಟದಿದ್ದಾಗ ಮಳೆ ದೂರದಲ್ಲಿ ಬಿದ್ದಂಥ ಒಂದು ಸುಯ್. ಅಷ್ಟೇ. ಅಷ್ಟೇ ನನಗೆ ಕೇಳಿಸುವುದು, ಎಂದಳು.

ಆತ ಸ್ಟೂಲಿನಿಂದ ಇಳಿದ. ಮಂಡಿಯೂರಿ ಡಬ್ಬಿಯ ಬಟ್ಟೆಗೆ ಒಂದು ಕಿವಿ ಹಚ್ಚಿದ, ತಿರುಗಿ ಇನ್ನೊಂದು ಕಿವಿ ಹಚ್ಚಿದ. "ಮತ್ತೆ ನುಡ್ಸು," ಎಂದ. ನುಡಿಸಿದಳು. "ಇನ್ನೂ ಜೋರಾಗಿ." ನುಡಿಸಿದಳು. ಆತ ಕೇಳಿದ, ಹುಡುಕಿ ಹುಡುಕಿ ಕೇಳಿದ, ಬಟ್ಟೆಯ ನೇಯ್ಗೆ ಕೆನ್ನೆಯ ಮೇಲೆ ಅಚ್ಚೊತ್ತುವಷ್ಟು ಹೊತ್ತು ಕೇಳಿದ. ಆಮೇಲೆ ತಲೆಯೆತ್ತಿ ಹೆಂಡತಿಯನ್ನು ನೋಡಿದ.

"ಇನ್ನೇನೂ ಇಲ್ಲ ಕಣೇ," ಎಂದ. "ನಿನಗೆ ಎಷ್ಟೋ, ನನಗೂ ಅಷ್ಟೇ."